ಸೀಲು ಒಡೆಯದ ಐವತ್ತು ನಾಣ್ಯಗಳು

ನಮ್ಮ ವಸತಿಗೃಹದಲ್ಲಿ ಒಬ್ಬೊಬ್ಬನಿಗೆ ಒಂದೊಂದು ಗೀಳು. ಒಬ್ಬನಿಗೆ ಕ್ರಿಕೆಟ್ಟು, ಒಬ್ಬನಿಗೆ ಸಿನೇಮಾ, ಮತ್ತೊಬ್ಬನಿಗೆ ಸರಕಾರಿ ನೌಕರಿಗೆ ಅರ್ಜಿ ತುಂಬುವುದೇ ಒಂದು ಗೀಳು. ನನಗೆ ಅಂಟಿಕೊಂಡುದು ನಾಣ್ಯಗಳ ಗೀಳು. ಇದನ್ನು ಹವ್ಯಾಸವೆಂದು ಕರೆಯಬೇಕೆಂದು ನಮ್ಮ ಇತಿಹಾಸದ ಗುರುಗಳು ಹೇಳುತ್ತಾರೆ. ಆದರೆ ಹವ್ಯಾಸವು ಮನುಷ್ಯನಿಂದ ಸುಳ್ಳು ಹೇಳಿಸುವುದಿಲ್ಲ, ನನ್ನದು ಹೇಳಿಸಿತು. ಆದ್ದರಿಂದ ಗೀಳೆಂದೇ ಬರೆಯುತ್ತೇನೆ.

ಇದರ ಮೂಲ ನಮ್ಮ ಆಯಿಯ ಎಲೆಯಡಿಕೆಯ ಡಬ್ಬಿ. ತಿಕೋಟಾದ ನಮ್ಮ ಮನೆಯಲ್ಲಿದ್ದ ಆ ಹಿತ್ತಾಳೆಯ ಡಬ್ಬಿಯ ತಳದಲ್ಲಿ ಕೆಲವು ಹಳೆಯ ನಾಣ್ಯಗಳಿದ್ದುವು. ಯುದ್ಧಕಾಲದ, ನಡುವೆ ತೂತುಳ್ಳ ಪೈಸೆಗಳು ನಾಲ್ಕು; ಒಂದು ಬದಿಗೆ ರಾಜನ ಮುಖ, ಇನ್ನೊಂದು ಬದಿಗೆ ಹುಲಿ ಇರುವ 1947ರ ನಿಕಲ್ ರೂಪಾಯಿ ಒಂದು; ಕಮಲದ ಹೂವಿನ 20 ಪೈಸೆಗಳು ಏಳೆಂಟು. ಆಯಿ ತೀರಿಕೊಂಡ ಮೇಲೆ ಡಬ್ಬಿ ನನ್ನ ಪಾಲಿಗೆ ಬಂತು. ಒಮ್ಮೆ ಅವುಗಳನ್ನು ವಿಜಯಪುರಕ್ಕೆ ತಂದು, ಹಳೆಯ ನಾಣ್ಯ ಮಾರುವವನೊಬ್ಬನಿಗೆ ತೋರಿಸಿದೆನು. ಅವನು ಒಂದೊಂದನ್ನೇ ಉಗುರಿನಿಂದ ತಿರುವಿ ನೋಡಿ, "ಮಾಲು ಚಲೋ ಐತ್ರಿ, ಆದ್ರ ಸವದಾವು. ಇವೇ ಕೈ ಹತ್ತಲಾರದವು ಇದ್ದಿದ್ರ ಹತ್ತ ಪಟ್ಟು ಕೊಡತಿದ್ದೆ" ಎಂದನು. ಗೋಳಗುಮ್ಮಟದಲ್ಲಿ ಒಂದು ಮಾತು ಏಳು ಸಲ ಕೇಳುತ್ತದೆಂದು ಹೇಳುತ್ತಾರೆ. ನನ್ನ ತಲೆಯಲ್ಲಿ 'ಹತ್ತು ಪಟ್ಟು' ಎಂಬ ಮಾತು ಏಳು ಸಲಕ್ಕೆ ನಿಲ್ಲಲಿಲ್ಲ. ಆಯಿಯ ಕಾಲವೇನೋ ಹೋಯಿತು. ನಮ್ಮ ಕಾಲದ ನಾಣ್ಯಗಳನ್ನಾದರೂ ಕೈ ಹತ್ತುವ ಮೊದಲೇ ಏಕೆ ಹಿಡಿದಿಡಬಾರದು?

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬಂತು. ಜಾತ್ರೆಯ ಸಾಲಿನಲ್ಲಿ, ಬಳೆಯಂಗಡಿಗಳನ್ನು ದಾಟಿದ ಮೇಲೆ, ಕೆಂಪು ಮಖಮಲ್ಲಿನ ಮೇಲೆ ನಾಣ್ಯಗಳನ್ನು ಹರವಿಕೊಂಡು ಒಬ್ಬನು ಕುಳಿತಿದ್ದನು. ಅವನ ಬಲಬದಿಗೆ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದ, ಎರಡೂ ತುದಿಗೆ ಚೀಟಿ ಅಂಟಿಸಿದ ಸುರುಳಿಗಳು. ಈ ವ್ಯಾಪಾರದವರು ಅವನ್ನು ರೋಲು ಎನ್ನುತ್ತಾರೆ. ಒಂದು ರೋಲಿನಲ್ಲಿ ಒಂದೇ ಬಗೆಯ ಐವತ್ತು ನಾಣ್ಯ. ಚೀಟಿಯ ಮೇಲೆ 'ಅನ್‌ಸರ್ಕ್ಯುಲೇಟೆಡ್', ಎಂದರೆ ಚಲಾವಣೆಯನ್ನೇ ಕಾಣದವು, ಎಂದು ಅಚ್ಚು ಹಾಕಿಸಿದ್ದನು. ನನ್ನ ಕಣ್ಣು ಬಿದ್ದುದು 2006ರಲ್ಲಿ ಹೊರಟ ಬಸವೇಶ್ವರರ ಐದು ರೂಪಾಯಿಯ ರೋಲಿನ ಮೇಲೆ. ಬಾಗೇವಾಡಿ ನಮ್ಮ ಜಿಲ್ಲೆಯದೇ ಊರು; ಬಸವಣ್ಣ ನಮ್ಮವನು. ರೋಲಿನ ಒಂದು ತುದಿಗೆ ಅವನ ಮುಖ ಥಳಥಳಿಸುತ್ತಿತ್ತು, ಇನ್ನೊಂದು ತುದಿಗೆ ಅಶೋಕಸ್ತಂಭದ ಸಿಂಹಗಳು. ನಡುವಿನ ನಾಲ್ವತ್ತೆಂಟು ಅಂಚು ಮಾತ್ರ ಕಾಣುತ್ತಿದ್ದುವು. ಮುಖಬೆಲೆ 250 ರೂಪಾಯಿ. ಅವನು 1,300 ಎಂದನು. ನಾನು ಮೂರು ಸಲ ಎದ್ದು ಹೋಗಿ, ನಾಲ್ಕನೆಯ ಸಲಕ್ಕೆ 1,100ಕ್ಕೆ ಗೆದ್ದೆನು. ಗೆದ್ದೆನೆಂದೇ ಆಗ ಭಾವಿಸಿದ್ದೆನು.

ಆ ಹಣ ನನ್ನದಲ್ಲ. ಅದು ಅವ್ವನ ಚಸಮದ ಹಣ.

ತಿಕೋಟಾದ ಸುತ್ತುಮುತ್ತ ದ್ರಾಕ್ಷಿಯ ತೋಟಗಳಿರುವುದು ಎಲ್ಲರಿಗೂ ಗೊತ್ತು. ದ್ರಾಕ್ಷಿಯನ್ನು ಶೆಡ್ಡುಗಳಲ್ಲಿ ಒಣಗಿಸಿದ ಮೇಲೆ, ತೊಟ್ಟು ಬೇರೆ, ಕರಿಯದು ಬೇರೆ, ಹಸಿರು ಮತ್ತು ಹಳದಿ ಬೇರೆ ಎಂದು ಆರಿಸುವ ಕೆಲಸ ಹೆಂಗಸರದು. ಅವ್ವ ಹದಿನೈದು ವರ್ಷ ಮಣೂಕ ಆರಿಸಿದ್ದಾಳೆ. ಈಚೆಗೆ ಅವಳ ಗುಡ್ಡೆಯಲ್ಲಿ ಕರಿಯ ಕಾಳು ಉಳಿಯತೊಡಗಿದ್ದುವು. "ಯಕ್ಕಾ, ಕಣ್ಣ ತೋರಿಸ್ಕೊ" ಎಂದು ಜೊತೆಯವರು ಅಂದರಂತೆ. ದಿನಗೂಲಿಯಲ್ಲಿ ಉಳಿಸಿದ 1,200 ರೂಪಾಯಿಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ನನ್ನ ಕೈಗಿಟ್ಟು, ಕಣ್ಣು ಪರೀಕ್ಷೆಯ ಚೀಟಿಯನ್ನೂ ಕೊಟ್ಟು, "ಬಿಜಾಪುರದಾಗ ಮಾಡಿಸ್ಕೊಂಡ ಬಾ ತಮ್ಮಾ, ಅವಸರೇನಿಲ್ಲ" ಎಂದಿದ್ದಳು. ಊರಿಗೆ ವಿಜಯಪುರವೆಂದು 2014ರಲ್ಲಿಯೇ ಹೆಸರಾದರೂ ಅವ್ವನ ಬಾಯಲ್ಲಿ ಅದಿನ್ನೂ ಬಿಜಾಪುರ. ಅವಸರವಿಲ್ಲವೆಂಬ ಆ ಕೊನೆಯ ಮಾತನ್ನು ನಾನು ಹಿಡಿದುಕೊಂಡೆನು. ರೋಲಿನ ಬೆಲೆ ಏರಿದ ಮೇಲೆ ಮಾರಿ, ಚಸಮವನ್ನೂ ಮಾಡಿಸಿ, ಮಿಕ್ಕುದನ್ನು ಅವಳ ಕೈಗಿಟ್ಟರಾಯಿತು ಎಂದು ಲೆಕ್ಕ ಹಾಕಿದೆನು. ಆ ಭಾನುವಾರ ಊರಿಗೆ ಹೋದಾಗ, "ಕಾಚು ಇನ್ನೂ ಬಂದಿಲ್ಲಂತ ಬೇ" ಎಂದೆನು. "ಬರ್ಲೇಳು" ಎಂದಳು.

ಟ್ರಂಕಿನಲ್ಲಿ ಅರಿವೆಗಳ ಕೆಳಗೆ ರೋಲು ಮಲಗಿತ್ತು. ರಾತ್ರಿ ಅದನ್ನು ತೆಗೆದು ನೋಡುತ್ತಿದ್ದೆನು. ಎರಡು ವಾರಕ್ಕೆ ತಡೆಯಲಾರದೆ ಅರ್ಥಶಾಸ್ತ್ರದ ಗುರುಗಳಿಗೆ ತೋರಿಸಿದೆನು, ಮೆಚ್ಚಿಕೊಂಡಾರೆಂಬ ಆಸೆ. ಅವರು ರೋಲನ್ನು ಕಿಟಕಿಯ ಬೆಳಕಿಗೆ ಹಿಡಿದು, "ಸೀಲು ಯಾರದು?" ಎಂದು ಕೇಳಿದರು.

"ಟಂಕಸಾಲೆಯದು ಸರ್."

"ಟಂಕಸಾಲೆಯವರು ಚೀಟಿಯ ಮೇಲೆ ಮೊಬೈಲ್ ನಂಬರು ಹಾಕತಾರೇನು?"

ನಾನು ಅಂದು ಮೊದಲ ಬಾರಿಗೆ ಚೀಟಿಯನ್ನು ಪೂರ್ತಿಯಾಗಿ ಓದಿದೆನು. ನಮ್ಮ ದೇಶದಲ್ಲಿ ನಾಣ್ಯ ಅಚ್ಚು ಹಾಕುವ ಸರಕಾರಿ ಟಂಕಸಾಲೆಗಳು ನಾಲ್ಕು: ಮುಂಬಯಿ, ಕೋಲಕತ್ತಾ, ಹೈದರಾಬಾದು ಮತ್ತು ನೋಯ್ಡಾ. ಅಲ್ಲಿಂದ ನಾಣ್ಯಗಳು ಚೀಲಗಳಲ್ಲಿ ರಿಸರ್ವ್ ಬ್ಯಾಂಕಿನ ವ್ಯವಸ್ಥೆಗೆ, ಅಲ್ಲಿಂದ ಬ್ಯಾಂಕುಗಳಿಗೆ, ಅಲ್ಲಿಂದ ನಮ್ಮ ಜೇಬಿಗೆ. ಅವುಗಳನ್ನು ಕಟ್ಟಿ ಮುದ್ರೆ ಹಾಕುವುದು ಎಣಿಕೆಯ ಅನುಕೂಲಕ್ಕೆ, ಸಂಗ್ರಾಹಕರ ಸಂತೋಷಕ್ಕಲ್ಲ. ಸಂಗ್ರಾಹಕರಿಗೆಂದು ಟಂಕಸಾಲೆಗಳನ್ನು ನಡೆಸುವ ನಿಗಮವೇ ಸ್ಮಾರಕ ನಾಣ್ಯಗಳ ಬೇರೆ ಪೆಟ್ಟಿಗೆಗಳನ್ನು ಮಾರುತ್ತದೆ. ಅವುಗಳ ಮಾತು ಬೇರೆ. ನನ್ನ ರೋಲಿನ ಸೀಲು ಮಾತ್ರ ಜಾತ್ರೆಯ ಮನುಷ್ಯನದು. ಅಂದರೆ ಅದು ಸರಕಾರದ ಸಾಕ್ಷಿಯಲ್ಲ, ಮಾರುವವನ ಮಾತು. ಪ್ಲಾಸ್ಟಿಕ್ಕನ್ನು ಕಾಯಿಸಿ ಸುತ್ತುವ ಯಂತ್ರ ಯಾವ ಪೇಟೆಯಲ್ಲಿಯೂ ಸಿಗುತ್ತದೆ.

ಇನ್ನು 'ಚಲಾವಣೆ ಕಾಣದ' ಎಂಬುದಕ್ಕೂ 'ಕಲೆಯಿಲ್ಲದ' ಎಂಬುದಕ್ಕೂ ಅಂತರವುಂಟು. ಅಚ್ಚಿನ ಯಂತ್ರದಿಂದ ನಾಣ್ಯಗಳು ಒಂದರ ಮೇಲೊಂದು ಬೀಳುತ್ತವೆ, ಚೀಲದಲ್ಲಿ ತಿಕ್ಕಾಡುತ್ತವೆ, ಲಾರಿಯಲ್ಲಿ ಕುಣಿಯುತ್ತವೆ. ಒಬ್ಬ ಮನುಷ್ಯನ ಕೈಯೂ ಸೋಕುವ ಮೊದಲೇ ಅವುಗಳ ಕೆನ್ನೆಗೆ ಗೀರು ಬಿದ್ದಿರುತ್ತದೆ. ಮೇಲಾಗಿ, ಕೆಲವು ಜಾತಿಯ ಪ್ಲಾಸ್ಟಿಕ್ಕು ವರ್ಷಗಳು ಕಳೆದಂತೆ ಬೆವತು, ತಾಮ್ರ ಬೆರೆತ ನಾಣ್ಯಗಳ ಮೇಲೆ ಹಸಿರು ಅಂಟು ಹಿಡಿಸುತ್ತದೆ. ಕಾಪಾಡಲೆಂದು ಸುತ್ತಿದ್ದೇ ಕೆಡಿಸುವುದುಂಟು, ಮತ್ತು ಸೀಲು ಒಡೆಯದೆ ಕೆಟ್ಟುದು ತಿಳಿಯುವುದಿಲ್ಲ.

ಗುರುಗಳು ಒಂದು ಕಾಗದವನ್ನು ಎಳೆದುಕೊಂಡು ಲೆಕ್ಕಕ್ಕೆ ಕುಳಿತರು. ನಾಣ್ಯಗಳು ಹೊರಟ 2006ರಲ್ಲಿಯೇ ಯಾರೋ ಒಬ್ಬನು ಬ್ಯಾಂಕಿನಿಂದ ಮುಖಬೆಲೆಗೇ, ಎಂದರೆ 250 ರೂಪಾಯಿಗೇ, ಈ ಐವತ್ತು ನಾಣ್ಯ ತಂದು ಇಟ್ಟನೆನ್ನಿ. ಅದೇ ಹಣವನ್ನು ಶೇಕಡಾ 7ರ ಚಕ್ರಬಡ್ಡಿಗೆ ಠೇವಣಿ ಇಟ್ಟಿದ್ದರೆ ಇಪ್ಪತ್ತು ವರ್ಷಕ್ಕೆ ಸುಮಾರು 967 ರೂಪಾಯಿ. ನಾನು ಕೊಟ್ಟುದು 1,100. ಎಂದರೆ, ಮೊದಲ ದಿನವೇ ಬಿಡಿಗಾಸು ಹೆಚ್ಚು ಕೊಡದೆ ತಂದು, ಇಷ್ಟು ವರ್ಷ ಕಾಯ್ದು, ನನ್ನಂಥ ಗಿರಾಕಿಯನ್ನು ನೇರವಾಗಿ ಹಿಡಿದವನಿಗೂ ಬ್ಯಾಂಕಿನ ಬಡ್ಡಿಯ ಮೇಲೆ ದಕ್ಕುವುದು ನೂರಾಮೂವತ್ತು ರೂಪಾಯಿ. ನಾನಾದರೋ ಒಂದು ನಾಣ್ಯಕ್ಕೆ 22 ರೂಪಾಯಿಯಂತೆ ಕೊಂಡವನು. ಹತ್ತು ವರ್ಷದ ಮೇಲೆ ಅವು ತಲೆಗೆ 43 ರೂಪಾಯಿಗೆ ಮಾರಿದರೆ ಆಗ ನನಗೆ ಬಡ್ಡಿ ಗಿಟ್ಟಿತು. ಅದಕ್ಕಿಂತ ಮೇಲೆ ಬಂದರಷ್ಟೇ ಲಾಭ.

"ಐವತ್ತು ಒಂದೇ ತರಹದ ನಾಣ್ಯ ಯಾರಿಗೆ ಬೇಕು?" ಎಂದು ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಸಂಗ್ರಾಹಕನಿಗೆ ಒಂದು ಸಾಕು. ಐವತ್ತು ಬೇಕಾಗುವುದು ಮತ್ತೊಬ್ಬ ನನ್ನಂಥವನಿಗೇ.

ಆಮೇಲೆ ಅವರು ಅಮೆರಿಕದ ಒಂದು ಸಂಗತಿ ಹೇಳಿದರು. 1950ರಲ್ಲಿ ಡೆನ್ವರ್ ಟಂಕಸಾಲೆಯಲ್ಲಿ ಅಚ್ಚಾದ ಐದು ಸೆಂಟಿನ ನಾಣ್ಯಗಳು 26,30,030 ಮಾತ್ರ. ಆ ಮಾದರಿಯಲ್ಲಿಯೇ ಅತಿ ಕಡಿಮೆ. ಸುದ್ದಿ ಹಬ್ಬಿದೊಡನೆ ಜನ ಬ್ಯಾಂಕುಗಳಿಂದ ರೋಲು ರೋಲಾಗಿ ಎತ್ತಿಟ್ಟರು. ನಾಲ್ವತ್ತು ನಾಣ್ಯದ, ಎರಡು ಡಾಲರ್ ಮುಖಬೆಲೆಯ ರೋಲು 1964ರ ಹೊತ್ತಿಗೆ ಸಾವಿರ ಡಾಲರನ್ನು ಮೀರಿತು. ಜನ ರೋಲುಗಳನ್ನು ಒಡೆಯದೆಯೇ ಕೈಯಿಂದ ಕೈಗೆ ದಾಟಿಸಿದರು. ಆಮೇಲೆ ಕೊಳ್ಳುವವರು ತೀರಿದರು, ಬೆಲೆ ಕುಸಿಯಿತು. ಇಂದಿಗೂ ಅದು ಆ ಎತ್ತರಕ್ಕೆ ಮರಳಿಲ್ಲ. ಎಲ್ಲರೂ ಜೋಪಾನ ಮಾಡಿದ್ದರಿಂದ ಆ ನಾಣ್ಯ ಸವೆದ ಸ್ಥಿತಿಯಲ್ಲಿ ಸಿಗುವುದಕ್ಕಿಂತ ಹೊಸದಾಗಿ ಸಿಗುವುದೇ ಸುಲಭ. ಆಯಿಯ ಡಬ್ಬಿಯ ಪೈಸೆಗಳ ಗುಟ್ಟು ನನಗೆ ಆಗ ಹೊಳೆಯಿತು. ಅವು ಹೊಸದಾಗಿ ಉಳಿದಿದ್ದರೆ ಬೆಲೆ ಬರುತ್ತಿತ್ತು, ನಿಜ. ಏಕೆ? ಅಂದು ಯಾರೂ ಅವನ್ನು ಉಳಿಸಬೇಕೆಂದು ಯೋಚಿಸಲಿಲ್ಲ, ಎಲ್ಲರೂ ಖರ್ಚು ಮಾಡಿದರು. ಇಂದು ಉಳಿಸಬೇಕೆಂಬ ಯೋಚನೆಗೇ ಚೀಟಿ ಅಂಟಿಸಿ ಮಾರುತ್ತಾರೆ.

ಹೊಸ ನಾಣ್ಯಕ್ಕೆ ಹೆಚ್ಚಿನ ಬೆಲೆ ಕೊಡುವುದೇನೂ ಈ ಕಾಲದ ಹುಚ್ಚಲ್ಲ. ಮೊಗಲರ ಕಾಲದಲ್ಲಿ ಆ ವರ್ಷ ಅಚ್ಚಾದ ರೂಪಾಯಿಗೆ ಸಿಕ್ಕಾ ಎಂದು ಮೇಲುಬೆಲೆ; ಒಂದೆರಡು ವರ್ಷ ಹಳತಾಯಿತೆಂದರೆ ಚಿನಿವಾರರು ವಟ್ಟ ಮುರಿಯುತ್ತಿದ್ದರು. ಆದರೆ ಅವರು ಕಣ್ಣು ಮುಚ್ಚಿ ಏನನ್ನೂ ಕೊಳ್ಳುತ್ತಿರಲಿಲ್ಲ. ಇದೇ ನಮ್ಮ ವಿಜಯಪುರದಿಂದ ಆಳಿದ ಎರಡನೆಯ ಅಲಿ ಆದಿಲಶಾಹನ (1656–1672) ಹೆಸರಿನಲ್ಲಿ 'ಲಾರಿ' ಎಂಬ ಬೆಳ್ಳಿಯ ನಾಣ್ಯಗಳಿದ್ದುವು. ಬೆಳ್ಳಿಯ ತಂತಿಯನ್ನು ಕೂದಲಿನ ಪಿನ್ನಿನಂತೆ ಮಡಚಿ, ಚಪ್ಪಟೆ ಮಾಡಿ ಅಕ್ಷರ ಒತ್ತಿದ ವಿಚಿತ್ರ ನಾಣ್ಯ. ಇಂದು ಸಿಗುವ ಎಷ್ಟೋ ಲಾರಿಗಳ ಮೇಲೆ ಉಳಿಯ ಕಚ್ಚುಗಳಿವೆ. ಒಳಗೂ ಬೆಳ್ಳಿಯೇ ಇದೆಯೋ, ಮೇಲೆ ಮಾತ್ರವೋ ಎಂದು ವ್ಯಾಪಾರಿ ಕಡಿದು ನೋಡಿದ ಗುರುತು ಅದು. ಸುಲ್ತಾನನ ಮುದ್ರೆಯನ್ನೂ ನಂಬದೆ ಅವರು ಕಡಿದರು. ನಾನು ಮೊಬೈಲ್ ನಂಬರಿನ ಚೀಟಿಯನ್ನು ನಂಬಿದೆನು.

ಮಾರಲು ಹೊರಟೆನು. ಜಾತ್ರೆಯವನಿಗೆ ಫೋನು ಮಾಡಿದರೆ, "ಸೀಲು ಒಡದಿಲ್ಲಲ್ರಿ? ಹಂಗಿದ್ರ ನಾಕನೂರಕ್ಕ ತಗೋತೀನಿ" ಎಂದನು. ಮೂರು ವಾರದಲ್ಲಿ 1,100ರ ಮಾಲು 400ಕ್ಕೆ ಇಳಿದಿತ್ತು, ಅದೂ ಅವನದೇ ಮಾಲು. ನಗರದ ಇನ್ನಿಬ್ಬರು 300 ಎಂದರು. ಅಂತರ್ಜಾಲದಲ್ಲಿ ಹಳೆಯ ನಾಣ್ಯಕ್ಕೆ ಲಕ್ಷ ಕೊಡುವೆವೆಂಬ ಜಾಹೀರಾತುಗಳಿರಲಿಲ್ಲವೇ ಎಂದು ಗೆಳೆಯರು ಕೇಳಬಹುದು. ಇದ್ದುವು. ಅಂಥವರು ಮೊದಲು ನಮ್ಮಿಂದಲೇ ಶುಲ್ಕವೆಂದು ಹಣ ಕೀಳುತ್ತಾರೆ. ತನ್ನ ಹೆಸರು ಹೇಳಿಕೊಂಡು ಹೀಗೆ ಮಾಡುವವರನ್ನು ನಂಬಬಾರದೆಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಪ್ರಕಟಣೆಯನ್ನೇ ಹೊರಡಿಸಿತ್ತು. ಆ ಒಂದು ಹಳ್ಳಕ್ಕೆ ನಾನು ಬೀಳಲಿಲ್ಲ.

ಉಳಿದುದು ಬಬಲೇಶ್ವರ. ಅಲ್ಲಿ ನನ್ನ ಸೋದರಮಾವನ ಕಿರಾಣಿ ಅಂಗಡಿ ಇದೆ. ಜಮಖಂಡಿಯ ಬಸ್ಸು ಹತ್ತಿ, ರೋಲನ್ನು ಟಾವೆಲಿನಲ್ಲಿ ಸುತ್ತಿಕೊಂಡು ಹೋದೆನು. ಮಾವನಿಗೆ ಎಲ್ಲವನ್ನೂ ಹೇಳಿದೆನು. ಚಸಮದ ಮಾತನ್ನು ಮಾತ್ರ ಕೊನೆಗೆ, ತಲೆ ತಗ್ಗಿಸಿಕೊಂಡು. ಅವನು ಬೆಲ್ಲ ತೂಗುತ್ತಿದ್ದವನು ತೂಕವನ್ನು ಮುಗಿಸಿ, ಗಿರಾಕಿಯನ್ನು ಕಳುಹಿಸಿ, ರೋಲನ್ನು ಕೈಗೆ ತೆಗೆದುಕೊಂಡನು.

"ಒಳಗ ಏನೈತಿ?"

"ಬಸವಣ್ಣನ ಐದರ ರೂಪಾಯಿ, ಐವತ್ತು."

"ನೋಡೀಯೇನು?"

"ಒಡದ್ರ ಬೆಲಿ ಹೋಗತೈತಿ ಮಾಮಾ."

"ಮಣೂಕ ಸೌದಾ ನೋಡೀಯಿಲ್ಲೋ ನೀ? ನಿಮ್ಮ ತಿಕೋಟಾದವ್ರ ಬಾಕ್ಸ ಒಡೀಲಾರದ, ಕೈಯಾಗ ಹಿಡೀಲಾರದ, ಬಾಯಾಗ ಹಾಕ್ಕೊಳ್ಳಾರದ ಯಾವ ದಲಾಲಿ ರೇಟು ಹೇಳತಾನ? ಒಡದ್ರ ಬೆಲಿ ಹೋಗು ಮಾಲು ನಾ ಇನ್ನೂ ತನಕಾ ಕಂಡಿಲ್ಲ ಬಿಡಪಾ." ಸ್ವಲ್ಪ ಹೊತ್ತು ಸುಮ್ಮನಿದ್ದು, ತುದಿಯ ನಾಣ್ಯವನ್ನು ಹೆಬ್ಬೆರಳಿನಿಂದ ಒರೆಸಿ, "ಕಾಯಕ ಮಾಡ್ರೀ ಅಂತ ಹೇಳಿದವರನ್ನ ಹಿಡದು ಇಪ್ಪತ್ತ ವರ್ಷ ಕೂಡಿ ಹಾಕ್ಯಾರಲ್ಲೋ" ಎಂದನು.

ನಾನೇ ಬ್ಲೇಡು ತೆಗೆದುಕೊಂಡು ಸೀಲು ಒಡೆದೆನು. ಐವತ್ತೂ ಇದ್ದುವು, ಎಣಿಕೆಯಲ್ಲಿ ಮೋಸವಿರಲಿಲ್ಲವೆಂದು ಒಪ್ಪಿಕೊಳ್ಳಬೇಕು. ಎರಡೂ ತುದಿಯಿಂದ ಹತ್ತು ಹನ್ನೆರಡು ನಾಣ್ಯಗಳು ಕನ್ನಡಿಯಂತಿದ್ದುವು. ನಡುವಿಗೆ ಹೋದಂತೆ ಹೊಳಪು ಇಳಿಯಿತು. ಹದಿನೇಳು ನಾಣ್ಯಗಳ ಅಕ್ಷರಗಳ ಸಂದಿಯಲ್ಲಿ ಕರಿಯ ಕೊಳೆ ಕುಳಿತಿತ್ತು, ಅಂಚು ತಿಕ್ಕಿತ್ತು. ಅವು ಎಷ್ಟೋ ಬಸ್ಸುಗಳನ್ನು ಹತ್ತಿ ಇಳಿದು, ಎಷ್ಟೋ ಚಹದಂಗಡಿಗಳ ಗಲ್ಲೆಯನ್ನು ಕಂಡು ಬಂದಂಥವು. ನನಗೆ ಸಿಟ್ಟು ಬರಬೇಕಾಗಿತ್ತು. ಬಂದುದು ನಗೆ. ಮಾವನೂ ನಕ್ಕನು.

ರೋಲುಗಳನ್ನು ಕೊಳ್ಳಲೇಬಾರದೇ ಎಂದು ಈಗ ಯಾರಾದರೂ ಕೇಳಿದರೆ, ಬ್ಯಾಂಕಿನ ಕಿಟಕಿಯಲ್ಲಿ ಮುಖಬೆಲೆಗೆ ಹೊಸ ನಾಣ್ಯ ಸಿಕ್ಕರೆ ಧಾರಾಳವಾಗಿ ತನ್ನಿ, ನೋಡಿ, ಇಡಿ ಎನ್ನುತ್ತೇನೆ. ಅದರಲ್ಲಿ ಹೋಗುವುದು ಬಡ್ಡಿಯಷ್ಟೆ. ಬೇಡವಾದ ದಿನ ಕಿರಾಣಿಗೆ ನಡೆಯುತ್ತದೆ. ಆ ಭರವಸೆಯೂ ಎಂದೆಂದಿಗೂ ಅಲ್ಲ: 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳು 2011ರ ಜೂನ್ 30ರಿಂದ ಚಲಾವಣೆಯಿಂದ ಹೋದುವು, ಅವುಗಳ ರೋಲು ಇಟ್ಟುಕೊಂಡವರಿಗೆ ಲೋಹ ಉಳಿಯಿತು. ಸ್ಮಾರಕ ನಾಣ್ಯದ ಮೇಲೆ ಪ್ರೀತಿಯಿದ್ದರೆ ಒಂದನ್ನು, ಕಣ್ಣಿನಿಂದ ನೋಡಿ, ಬಿಡಿಯಾಗಿ ಕೊಳ್ಳಿ. ಆದರೆ ಐವತ್ತರ ಸುರುಳಿಗೆ ನಾಲ್ಕು ಪಟ್ಟು ಕೊಟ್ಟು, ಒಡೆಯಲಾರದೆ, ಮುಂದಿನವನೂ ಒಡೆಯಲಾರನೆಂದು ಹಾರೈಸುತ್ತ ಕೂಡುವುದನ್ನು ನಾನು ಇನ್ನು ಮಾಡಲಾರೆ. ಆ ಬೆಲೆ ನಾಣ್ಯಕ್ಕೆ ಕೊಡುವುದಲ್ಲ. ನೋಡದೆ ಇರುವುದಕ್ಕೆ ಕೊಡುವುದು.

ಮಾವ ನಾಲ್ವತ್ತೊಂಬತ್ತು ನಾಣ್ಯಗಳನ್ನು 245 ರೂಪಾಯಿಗೆ ಗಲ್ಲೆಗೆ ಹಾಕಿಕೊಂಡನು. ಚಿಲ್ಲರೆ ಸಿಕ್ಕಿತೆಂದು ಅವನಿಗೆ ಹಿಗ್ಗು. ಚಸಮಕ್ಕೆ ಉಳಿದ ಹಣವನ್ನು ಕೊಟ್ಟು, ಅದು ತೀರುವವರೆಗೆ ಪ್ರತಿ ಭಾನುವಾರ ಅಂಗಡಿಯಲ್ಲಿ ಕೂಡಬೇಕೆಂದು ಕಟ್ಟು ಹಾಕಿದನು. ಏಳು ಭಾನುವಾರ ಕುಳಿತು ಎಣ್ಣೆ ಸುರಿದೆ, ಜೋಳ ಅಳೆದೆ. ಮೂರನೆಯ ಭಾನುವಾರ ಒಬ್ಬ ಮುದುಕನಿಗೆ ಚಿಲ್ಲರೆ ಕೊಡುವಾಗ ಥಳಥಳಿಸುವ ಬಸವಣ್ಣನೊಬ್ಬ ನನ್ನ ಕೈಯಿಂದಲೇ ಹೊರಟುಹೋದನು. ಮುದುಕ ಅವನನ್ನು ಹಣೆಗೊತ್ತಿಕೊಂಡು ಅಂಗಿಯ ಕಿಸೆಗೆ ಹಾಕಿಕೊಂಡನು.

ಐವತ್ತನೆಯದನ್ನು ನಾನು ಉಳಿಸಿಕೊಂಡಿದ್ದೆನು. ಇದ್ದುದರಲ್ಲಿ ಅತಿ ಚೆಲುವಾದುದು, ಒಂದು ತುದಿಯಿಂದ ಎರಡನೆಯದು. ಚಸಮ ತೆಗೆದುಕೊಂಡು ತಿಕೋಟಾಕ್ಕೆ ಹೋದ ದಿನ ಅವ್ವನಿಗೆ ನಿಜವನ್ನೆಲ್ಲ ಹೇಳಿ, ಆ ನಾಣ್ಯವನ್ನು ಅವಳ ಅಂಗೈಮೇಲಿಟ್ಟೆನು. ಬೈಯುತ್ತಾಳೆಂದು ಕಾಯುತ್ತಿದ್ದೆ. ಅವಳು ಚಸಮ ಏರಿಸಿಕೊಂಡು, ಬಾಗಿಲ ಬೆಳಕಿಗೆ ನಾಣ್ಯವನ್ನು ಹಿಡಿದು, ಮಣೂಕ ಆರಿಸುವವಳ ಕಣ್ಣಿನಿಂದ ಆ ಕಡೆ ಈ ಕಡೆ ತಿರುವಿ ನೋಡಿದಳು.

"ಹೊಸಾದಂತೀ ಮತ್ತ, ಗಲ್ಲದ ಮ್ಯಾಲ ಗೀರ ಬಿದ್ದೈತಲ್ಲೋ ತಮ್ಮಾ" ಎಂದಳು.